ಕ್ಲೇ ಬಾರ್: ಕಾರಿನ ಬಣ್ಣಕ್ಕೆ ಕಚ್ಚಿದ ಕೊಳೆಯ ಶುದ್ಧಿ

ಎಷ್ಟು ತೊಳೆದರೂ ಹೋಗದೆ ಕಾರಿನ ಬಣ್ಣಕ್ಕೆ ಕಚ್ಚಿ ಕೂತ ಕಣಗಳನ್ನು ಕಿತ್ತು ತೆಗೆಯಲು ಬಳಸುವ, ಕೈಯಲ್ಲಿ ನಾದಬಹುದಾದ ಮೆತ್ತನೆಯ ಮುದ್ದೆಗೆ ಕ್ಲೇ ಬಾರ್ ಎಂದು ಹೆಸರು. ಡೀಟೇಲಿಂಗ್ ಕ್ಲೇ ಎಂದೂ ಕರೆಯುತ್ತಾರೆ. ಬಣ್ಣದ ಮೇಲೆ ಜಾರಿಕೆಯ ದ್ರವ ಸಿಂಪಡಿಸಿ, ಚಪ್ಪಟೆ ಮಾಡಿದ ಕ್ಲೇಯನ್ನು ಹಗುರವಾಗಿ ಅತ್ತಿತ್ತ ಆಡಿಸಿದರೆ ಮೇಲೆ ಎದ್ದುನಿಂತ ಕಬ್ಬಿಣದ ಪುಡಿ, ಡಾಂಬರಿನ ಚುಕ್ಕೆ, ಮರದ ಅಂಟು, ಗಾಳಿಯಲ್ಲಿ ತೇಲಿ ಬಂದ ಸ್ಪ್ರೇ ಪೇಂಟಿನ ತುಂತುರು ಮುಂತಾದವು ಅದಕ್ಕೆ ಅಂಟಿಕೊಂಡು ಬರುತ್ತವೆ. ಪಾಲಿಶ್, ವ್ಯಾಕ್ಸ್, ಸೆರಾಮಿಕ್ ಕೋಟಿಂಗ್ ಯಾವುದನ್ನೇ ಹಾಕುವುದಿದ್ದರೂ ಅದಕ್ಕೆ ಮೊದಲು ನಡೆಯಬೇಕಾದ ಕೆಲಸವಿದು. ಕೊಳೆ ಕೂತ ಮೇಲ್ಮೈಗೆ ವ್ಯಾಕ್ಸ್ ಬಳಿದರೆ ಕೊಳೆಯೂ ವ್ಯಾಕ್ಸಿನಡಿ ಭದ್ರವಾಗುತ್ತದೆ.

ಕ್ಲೇ ಏನು ಮಾಡುತ್ತದೆ, ಏನು ಮಾಡಲಾರದು ಎಂಬ ಬಗ್ಗೆ ಕಾರಿನ ಮಾಲೀಕರಲ್ಲಿ ಮಾತ್ರವಲ್ಲ, ಅದನ್ನು ದಿನವೂ ಬಳಸುವ ಅಂಗಡಿಗಳಲ್ಲೂ ಸಾಕಷ್ಟು ಗೊಂದಲವಿದೆ. ಅದು ತೆಗೆಯುವುದು ಮೇಲ್ಮೈಗಿಂತ ಎತ್ತರದಲ್ಲಿ ಇರುವುದನ್ನು ಮಾತ್ರ. ಮೇಲ್ಮೈಗಿಂತ ಕೆಳಗೆ ಇಳಿದ ಗೀರು, ಕಲೆ, ಹಳ್ಳ ಯಾವುದೂ ಅದರ ವ್ಯಾಪ್ತಿಗೆ ಬರುವುದಿಲ್ಲ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಬಣ್ಣದ ಪದರಗಳು

ಇಂದಿನ ಕಾರಿನ ಬಣ್ಣ ಒಂದೇ ಪದರದ್ದಲ್ಲ. ಉಕ್ಕಿನ ಹಾಳೆಗೆ ಮೊದಲು ಫಾಸ್ಫೇಟ್ ಸಂಸ್ಕಾರ, ಆಮೇಲೆ ವಿದ್ಯುತ್ ಹಾಯಿಸಿದ ತೊಟ್ಟಿಯಲ್ಲಿ ಅದ್ದಿ ಹಿಡಿಸುವ, ತುಕ್ಕು ತಡೆಯುವ ಇ-ಕೋಟ್, ಅದರ ಮೇಲೆ ಪ್ರೈಮರ್, ಬಣ್ಣ ಕೊಡುವ ತೆಳುವಾದ ಬೇಸ್ ಕೋಟ್, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಇವೆಲ್ಲ ಸೇರಿ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತ ತುಸು ಹೆಚ್ಚು. ಇದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40ರಿಂದ 50 ಮೈಕ್ರಾನ್. ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿಕೊಂಡು ಕೆಳಗಿನ ಬಣ್ಣವನ್ನು ಕಾಯುವ ರಾಸಾಯನಿಕಗಳನ್ನು ಬೆರೆಸಿರುವುದು ಈ ಪದರದಲ್ಲೇ. ನಾವು ತೊಳೆಯುವುದು, ಉಜ್ಜುವುದು, ಪಾಲಿಶ್ ಮಾಡುವುದು ಎಲ್ಲವೂ ಇದರ ಮೇಲೆಯೇ. ಒಮ್ಮೆ ಸವೆದ ಕ್ಲಿಯರ್ ಕೋಟ್ ಮತ್ತೆ ಬೆಳೆಯುವುದಿಲ್ಲವಾದ್ದರಿಂದ ಅದಕ್ಕೆ ತಗಲುವ ಪ್ರತಿಯೊಂದು ವಸ್ತುವಿನ ವಿಷಯದಲ್ಲೂ ಜಿಪುಣತನ ಬೇಕು.

ಕಚ್ಚುವ ಕೊಳೆ ಯಾವುದು, ಎಲ್ಲಿಂದ

ಕ್ಲೇಯ ಮುಖ್ಯ ಬೇಟೆ ಕಬ್ಬಿಣದ ಕಣ. ಹೆಚ್ಚಿನ ಕಾರುಗಳ ಬ್ರೇಕ್ ಡಿಸ್ಕ್ ಎರಕದ ಕಬ್ಬಿಣದ್ದು. ಬ್ರೇಕ್ ಹಿಡಿದಾಗಲೆಲ್ಲ ಡಿಸ್ಕೂ ಪ್ಯಾಡೂ ಸವೆದು ಬಿಸಿ ಪುಡಿಯಾಗಿ ಹಾರುತ್ತವೆ. ನಮ್ಮದೇ ಕಾರಿನ ಪುಡಿ ಚಕ್ರದ ಪಕ್ಕದ ಭಾಗಕ್ಕೆ ಬಡಿದರೆ, ಮುಂದಿನ ಕಾರಿನದು ನಮ್ಮ ಬಾನೆಟ್ಟಿಗೆ. ಬಣ್ಣದ ಮೇಲೆ ಕೂತ ಕಣ ತೇವ ತಾಗಿ ತುಕ್ಕು ಹಿಡಿಯುತ್ತದೆ, ಉಬ್ಬುತ್ತದೆ, ಬುಡ ಭದ್ರಮಾಡಿಕೊಳ್ಳುತ್ತದೆ. ಬಿಳಿ ಕಾರಿದ್ದರೆ ಹಿಂಬಾಗಿಲನ್ನು ಹತ್ತಿರದಿಂದ ನೋಡಬೇಕು: ಸೂಜಿಮೊನೆಯಷ್ಟು ಕಿತ್ತಳೆ ಚುಕ್ಕೆಗಳು, ಪ್ರತಿಯೊಂದರ ನಡುವೆ ಕಪ್ಪು ಬೊಟ್ಟು. ಉಗುರಿನಿಂದ ಕೆರೆದರೆ ಕಿತ್ತಳೆ ಹೋಗುತ್ತದೆ, ಕಪ್ಪು ಉಳಿಯುತ್ತದೆ. ಬಣ್ಣವೇ ತುಕ್ಕು ಹಿಡಿಯಿತೆಂದು ಹೆದರಿ ಸರ್ವಿಸ್ ಸೆಂಟರಿಗೆ ಓಡುವವರಿದ್ದಾರೆ. ಉಕ್ಕಿನ ಹಾಳೆಗೆ ಏನೂ ಆಗಿರುವುದಿಲ್ಲ, ತುಕ್ಕು ಹಿಡಿದಿರುವುದು ಮೇಲೆ ಕೂತ ಅತಿಥಿಗೆ.

ರೈಲು ಚಕ್ರ ಮತ್ತು ಹಳಿ ತಿಕ್ಕಿದಾಗಲೂ ಇಂಥದೇ ಪುಡಿ ಏಳುತ್ತದೆ. ಅಮೆರಿಕದಲ್ಲಿ ಹೊಸ ಕಾರುಗಳು ಕಾರ್ಖಾನೆಯಿಂದ ಮಾರಾಟಗಾರರ ಊರಿಗೆ ಬಹುಪಾಲು ರೈಲಿನಲ್ಲೇ ಹೋಗುವುದರಿಂದ ಅಲ್ಲಿನ ಬಣ್ಣದ ಕೆಲಸಗಾರರು ಈ ಬಗೆಯ ಕೊಳೆಯನ್ನು ರೈಲ್ ಡಸ್ಟ್ ಎಂದೇ ಗುರುತಿಸುತ್ತಾರೆ. ಶೋರೂಮಿನಿಂದ ಅಂದೇ ಬಂದ ಕಾರಿಗೂ ಕ್ಲೇ ಬೇಕಾಗಬಹುದು ಎಂಬ ಮಾತು ಹುಟ್ಟಿದ್ದು ಹೀಗೆ. ವೆಲ್ಡಿಂಗ್ ಶೆಡ್, ಗ್ರೈಂಡಿಂಗ್ ನಡೆಯುವ ಜಾಗ, ಬೆಳಗಾವಿಯ ಉದ್ಯಮಬಾಗದಂಥ ಫೌಂಡ್ರಿ ಪ್ರದೇಶದಲ್ಲಿ ದಿನವೂ ನಿಲ್ಲುವ ಕಾರುಗಳಿಗೂ ಇದು ತಪ್ಪಿದ್ದಲ್ಲ.

ಸಂಡೂರು, ಹೊಸಪೇಟೆ, ಬಳ್ಳಾರಿ ಕಡೆಯ ಅದಿರಿನ ಕೆಂಪು ದೂಳನ್ನು ಇದರ ಜತೆ ಬೆರೆಸಬಾರದು. ಅದು ಹೆಮಟೈಟ್, ಅಂದರೆ ಆಗಲೇ ಆಕ್ಸೈಡ್ ರೂಪದಲ್ಲಿರುವ ಕಬ್ಬಿಣ. ಲೋಹದ ಪುಡಿಯಂತೆ ಬಣ್ಣದ ಮೇಲೆ ಕೂತು ಹೊಸದಾಗಿ ತುಕ್ಕು ಹಿಡಿಯುವುದಿಲ್ಲ. ಆದರೆ ಅದು ಕ್ಲಿಯರ್ ಕೋಟಿಗಿಂತ ಬಲು ಗಟ್ಟಿ. ಅದಿರಿನ ದಾರಿಯಲ್ಲಿ ಓಡಾಡುವ ಕಾರಿಗೆ ಧಾರಾಳ ನೀರು ಹಾಯಿಸಿ ದೂಳನ್ನು ಪೂರ್ತಿ ಕಳೆಯದೆ ಕ್ಲೇ ಮುಟ್ಟಿಸಿದರೆ, ಕ್ಲೇ ಆ ಕಣಗಳನ್ನು ಹಿಡಿದುಕೊಂಡು ಬಾಗಿಲ ಉದ್ದಕ್ಕೂ ಗೀರುತ್ತಾ ಹೋಗುತ್ತದೆ.

ಡಾಂಬರು ಹೊಸದಾಗಿ ಹಾಕಿದ ರಸ್ತೆಯಿಂದ ಚಕ್ರದ ಹಿಂದೆ, ಬಾಗಿಲಿನ ಕೆಳಗಂಚಿಗೆ ಸಿಡಿಯುತ್ತದೆ. ಮರದ ಅಂಟು ಹಸಿಯಿದ್ದಾಗ ಬಿಸಿನೀರಿಗೆ ಸಡಿಲವಾಗುತ್ತದೆ, ಬಿಸಿಲಿಗೆ ಒಣಗಿದ ಮೇಲೆ ಹಟ ಹಿಡಿಯುತ್ತದೆ. ಬೇಸಿಗೆಯಲ್ಲಿ ಮರದಡಿ ನಿಲ್ಲಿಸಿದ ಕಾರಿನ ಮೇಲೆ ಬೀಳುವ ಸಣ್ಣ ಜಿಗುಟು ಹನಿಗಳಲ್ಲಿ ಹೆಚ್ಚಿನವು ಮರದ್ದಲ್ಲ, ಎಲೆಯ ರಸ ಹೀರುವ ಹೇನುಗಳು ವಿಸರ್ಜಿಸುವ ಸಿಹಿ ದ್ರವ. ಅದು ಶಾಂಪೂವಿಗೆ ಹೋಗುತ್ತದೆ, ಕ್ಲೇ ಬೇಡ. ಪಕ್ಕದ ಮನೆಯ ಗೇಟಿಗೆ ಸ್ಪ್ರೇ ಪೇಂಟ್ ಹೊಡೆದಾಗ ಬೀಸಿ ಬರುವ ತುಂತುರಿಗೆ ಮಾತ್ರ ಕ್ಲೇಗಿಂತ ಒಳ್ಳೆಯ ಮದ್ದಿಲ್ಲ. ಕ್ಲೇ ಮೊದಲು ಬಳಕೆಗೆ ಬಂದದ್ದೇ ಆ ಕೆಲಸಕ್ಕೆ.

ಹುಟ್ಟು, ಬೆಳವಣಿಗೆ

ಜನರಲ್ ಮೋಟರ್ಸ್ 1923ರಲ್ಲಿ ತನ್ನ ಓಕ್‌ಲ್ಯಾಂಡ್ ಕಾರಿಗೆ ಡ್ಯೂಪಾಂಟ್ ಕಂಪನಿಯ ಡ್ಯೂಕೊ ಎಂಬ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಹೊಡೆದಾಗ, ದಿನಗಟ್ಟಲೆ ಒಣಗಬೇಕಿದ್ದ ಬಣ್ಣ ಗಂಟೆಗಳಲ್ಲಿ ಒಣಗತೊಡಗಿತು. ಲ್ಯಾಕರ್ ಬೇಗ ಮಂಕಾಗುತ್ತಿತ್ತು. ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿದರೆ ಮಂಕಾದ ಪದರವೂ ಅದರ ಮೇಲಿನ ಕೊಳೆಯೂ ಒಟ್ಟಿಗೇ ಹೋಗಿ ಹೊಸ ಬಣ್ಣ ಕಾಣುತ್ತಿತ್ತು. ಹೀಗೆ ಕೊಳೆ ತೆಗೆಯಲು ಬಣ್ಣವನ್ನೇ ಕೆರೆಯುವ ಪದ್ಧತಿ ದಶಕಗಳ ಕಾಲ ನಡೆಯಿತು. 1980ರ ದಶಕದಲ್ಲಿ ಬೇಸ್ ಕೋಟ್, ಕ್ಲಿಯರ್ ಕೋಟ್ ಜೋಡಿ ವ್ಯಾಪಕವಾದ ಮೇಲೆ ಆ ಧಾರಾಳತನಕ್ಕೆ ಜಾಗ ಉಳಿಯಲಿಲ್ಲ. ಕ್ಲಿಯರ್ ಕೋಟಿಗೆ ಕೈಹಾಕದೆ ಅದರ ಮೇಲಿರುವುದನ್ನು ಮಾತ್ರ ತೆಗೆಯುವ ದಾರಿ ಬೇಕಾಯಿತು.

ದಾರಿ ಸಿಕ್ಕಿದ್ದು ಜಪಾನಿನಲ್ಲಿ, ಬಣ್ಣದ ವರ್ಕ್‌ಶಾಪುಗಳ ತುಂತುರಿನ ಸಮಸ್ಯೆಗೆ ಪರಿಹಾರವಾಗಿ. ತಾದಾವೊ ಕೊದಾತೆ ಎಂಬವರ ಹೆಸರಿನಲ್ಲಿ ಅಮೆರಿಕದ ಪೇಟೆಂಟ್ ಕಚೇರಿ 1995ರಲ್ಲಿ ಒಂದು, 1998ರಲ್ಲಿ ಇನ್ನೊಂದು ಪೇಟೆಂಟ್ ಕೊಟ್ಟಿತು. ಅವುಗಳಲ್ಲಿ ಈ ವಸ್ತುವನ್ನು ನಮ್ಯವಾದ ಸಾಣೆಕಲ್ಲು ಎಂಬ ಅರ್ಥದಲ್ಲಿ ವಿವರಿಸಲಾಗಿದೆ. ಬಣ್ಣಕ್ಕೆ ಕ್ಲೇ ಒಂದಿಷ್ಟೂ ತಾಗುವುದಿಲ್ಲ ಎಂದು ಹೇಳುವ ಮಾರಾಟಗಾರರು ಈ ವಿವರಣೆಯನ್ನು ಗಮನಿಸಬೇಕು. ಅಮೆರಿಕದಲ್ಲಿ ಟೆಕ್ಸಸ್‌ನ ಆಟೊ ವ್ಯಾಕ್ಸ್ ಕಂಪನಿ ಕ್ಲೇ ಮ್ಯಾಜಿಕ್ ಎಂಬ ಹೆಸರಿನಲ್ಲಿ ಇದನ್ನು ಮಾರಿತು. ಆಮೇಲೆ ಮೆಗ್ವಾಯರ್ಸ್, ಮದರ್ಸ್ ಮುಂತಾದ ಕಂಪನಿಗಳ ಕಿಟ್‌ಗಳು ಮನೆಬಳಕೆಗೆ ಬಂದವು. ಪೇಟೆಂಟುಗಳ ಅವಧಿ ಈಗ ಮುಗಿದಿದೆ. ಆದ್ದರಿಂದ ಯಾರು ಬೇಕಾದರೂ ತಯಾರಿಸಬಹುದು, ಎಲ್ಲ ದರ್ಜೆಯ ಸರಕೂ ಮಾರುಕಟ್ಟೆಯಲ್ಲಿ ತುಂಬಿದೆ.

ಒಳಗೆ ಏನಿದೆ

ಇದು ಕುಂಬಾರನ ಜೇಡಿಮಣ್ಣಲ್ಲ. ಇಂದಿನ ಕ್ಲೇಯ ಆಧಾರ ಪಾಲಿಬ್ಯೂಟೀನ್ ಜಾತಿಯ ಕೃತಕ ಅಂಟುರಾಳ. ಅದಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್, ಸಿಲಿಕಾ, ಅಲ್ಯುಮಿನಾ, ಸಿಲಿಕಾನ್ ಕಾರ್ಬೈಡ್ ಮೊದಲಾದವುಗಳಲ್ಲಿ ಒಂದನ್ನೋ ಹಲವನ್ನೋ ಅತಿನುಣ್ಣನೆಯ ಪುಡಿಯಾಗಿ ಬೆರೆಸುತ್ತಾರೆ. ಯಾವ ಪುಡಿ, ಎಷ್ಟು ನುಣುಪು, ಎಷ್ಟು ಪ್ರಮಾಣ ಎಂಬುದರ ಮೇಲೆ ಫೈನ್, ಮೀಡಿಯಂ, ಹೆವಿ ಎಂಬ ದರ್ಜೆಗಳು. ನೀಲಿ ಎಂದರೆ ಮೃದು, ಕೆಂಪು ಎಂದರೆ ಕಟು ಎಂಬ ಮಾತು ಚಾಲ್ತಿಯಲ್ಲಿದೆ. ಬಣ್ಣದ ಈ ಲೆಕ್ಕ ಒಂದು ಕಂಪನಿಗೆ ಸರಿಹೋದರೆ ಇನ್ನೊಂದಕ್ಕೆ ಹೋಗುವುದಿಲ್ಲ, ಪೊಟ್ಟಣದ ಮೇಲಿನ ದರ್ಜೆಯನ್ನೇ ಓದಬೇಕು.

ಕೆಲಸ ಮಾಡುವ ರೀತಿ ಸರಳ. ದ್ರವದ ತೆಳುಪೊರೆಯ ಮೇಲೆ ಕ್ಲೇ ತೇಲುತ್ತಾ ಸಾಗುತ್ತದೆ. ಸಮತಟ್ಟಾದ ಕಡೆ ಹಿಡಿಯಲು ಅದಕ್ಕೆ ಏನೂ ಸಿಗುವುದಿಲ್ಲ. ಪೊರೆಯನ್ನು ಮೀರಿ ಎದ್ದುನಿಂತ ಕಣ ಎದುರಾದಾಗ ಅದರ ಬದಿಗೆ ಒತ್ತಿ, ಪುಡಿಯಿಂದ ಸವೆಸಿ, ಬುಡ ಸಡಿಲವಾದೊಡನೆ ತನ್ನ ಮೈಯೊಳಗೆ ಹೂತುಕೊಳ್ಳುತ್ತದೆ. ಪೊರೆ ಒಣಗಿತೋ, ಕ್ಲೇ ಬಣ್ಣಕ್ಕೇ ನೇರ ತಾಗಿ ಎಳೆಯತೊಡಗುತ್ತದೆ. ಅಂದರೆ ಬಣ್ಣವನ್ನು ಉಳಿಸುವುದೂ ಕೆಡಿಸುವುದೂ ಆ ದ್ರವವೇ.

ಕ್ಲೇ ಬೇಕೇ ಎಂದು ತಿಳಿಯುವುದು

ಕಣ್ಣಿಗಿಂತ ಕೈಯನ್ನು ನಂಬಬೇಕಾದ ಕೆಲಸವಿದು. ಕಾರನ್ನು ಚೆನ್ನಾಗಿ ತೊಳೆದು, ಮೇಲ್ಮೈ ಒದ್ದೆಯಿರುವಾಗಲೇ ತೆಳುವಾದ ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬೆರಳ ತುದಿಯನ್ನು ಬಾನೆಟ್ಟಿನ ಮೇಲೆ ಮೆಲ್ಲಗೆ ಆಡಿಸಬೇಕು. ಬರಿಗೈಗೆ ನುಣುಪೆನಿಸಿದ ಜಾಗವೂ ಕವರಿನ ಮೂಲಕ ತರಿತರಿಯಾಗಿ ಸಿಗುತ್ತದೆ, ಚರಚರ ಸದ್ದೂ ಕೇಳುತ್ತದೆ. ಚರ್ಮಕ್ಕೂ ಬಣ್ಣಕ್ಕೂ ನಡುವಿನ ಹಿಡಿತವನ್ನು ಕವರು ತಪ್ಪಿಸುವುದರಿಂದ ಬೆರಳಿಗೆ ಉಬ್ಬುಗಳಷ್ಟೇ ತಿಳಿಯುತ್ತವೆ. ಬಾನೆಟ್, ಮಾಡು, ಡಿಕ್ಕಿಯ ಮುಚ್ಚಳ, ಬಾಗಿಲಿನ ಕೆಳಭಾಗ ಹೀಗೆ ಒಂದೊಂದನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಎಷ್ಟೋ ಸಲ ಬಾನೆಟ್ಟಿಗೂ ಡಿಕ್ಕಿಗೂ ಮಾತ್ರ ಕ್ಲೇ ಬೇಕಿರುತ್ತದೆ, ಬಾಗಿಲಿನ ಮೇಲರ್ಧಕ್ಕೆ ಬೇಕಿರುವುದಿಲ್ಲ. ಇಡೀ ಕಾರಿಗೆ ಕ್ಲೇ ಹಾಕಲೇಬೇಕೆಂಬ ನಿಯಮವೇನೂ ಇಲ್ಲ.

ಮಾಡುವ ಬಗೆ

ಕ್ಲೇಯ ಕೈಗೆ ಆದಷ್ಟು ಕಡಿಮೆ ಕೆಲಸ ಉಳಿಸುವುದು ಜಾಣತನ. ಮೊದಲು ನೆರಳಿನಲ್ಲಿ, ಬಾನೆಟ್ ತಣ್ಣಗಿರುವಾಗ ಕಾರು ತೊಳೆಯಬೇಕು. ಶಾಂಪೂಗೆ ಒಂದು, ತೊಳೆಯುವ ಕೈಗವಸನ್ನು ಜಾಲಿಸಲು ಇನ್ನೊಂದು ಹೀಗೆ ಎರಡು ಬಕೆಟ್ ಇಟ್ಟುಕೊಂಡರೆ ಮರಳು ಮತ್ತೆ ಬಣ್ಣಕ್ಕೆ ತಾಗುವುದು ತಪ್ಪುತ್ತದೆ. ಡಾಂಬರಿನ ಚುಕ್ಕೆಗೆ ಟಾರ್ ರಿಮೂವರ್. ಕಬ್ಬಿಣಕ್ಕೆ ಐರನ್ ರಿಮೂವರ್ ಎಂಬ ದ್ರವ. ಇದರಲ್ಲಿರುವುದು ಸಾಮಾನ್ಯವಾಗಿ ಥಯೋಗ್ಲೈಕೊಲೇಟ್ ಲವಣ, ಬ್ಯೂಟಿ ಪಾರ್ಲರಿನಲ್ಲಿ ಕೂದಲು ಸುರುಳಿ ಮಾಡುವ ದ್ರಾವಣದಲ್ಲೂ ಇರುವ ಅದೇ ಜಾತಿಯದು. ಸಿಂಪಡಿಸಿದ ಕೆಲವು ನಿಮಿಷಗಳಲ್ಲಿ ಕಬ್ಬಿಣವಿದ್ದ ಕಡೆಯೆಲ್ಲ ನೇರಳೆ ಬಣ್ಣ ಒಡೆದು ಗೆರೆಗೆರೆಯಾಗಿ ಕೆಳಗಿಳಿಯುತ್ತದೆ. ಗಂಧಕದ ನಾತ ಜೋರು, ಗಾಳಿಯಾಡುವ ಜಾಗ ಬೇಕು, ಕೈಗವಸೂ ಬೇಕು. ಅದನ್ನು ಬಣ್ಣದ ಮೇಲೆ ಒಣಗಲು ಬಿಡದೆ ತೊಳೆದುಬಿಡಬೇಕು. ಇಷ್ಟಾದ ಮೇಲೆ ಮತ್ತೆ ಪ್ಲಾಸ್ಟಿಕ್ ಕವರಿನ ಪರೀಕ್ಷೆ. ಎಷ್ಟೋ ಕಾರುಗಳಿಗೆ ಇಲ್ಲಿಗೇ ಕೆಲಸ ಮುಗಿಯುತ್ತದೆ.

ತರಿ ಇನ್ನೂ ಉಳಿದಿದ್ದರೆ ಕ್ಲೇ ಹೊರತೆಗೆಯಬಹುದು. ಪೂರ್ತಿ ಮುದ್ದೆ ಬೇಡ, ಒಂದು ತುಂಡು ಮುರಿದುಕೊಂಡರೆ ಸಾಕು. ಬಿದ್ದರೆ ಅಷ್ಟೇ ನಷ್ಟ. ಉಗುರುಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತಿಟ್ಟು, ನಾದಿದ ಚಪಾತಿ ಹಿಟ್ಟಿನ ಹದಕ್ಕೆ ತಂದು, ಮೂರು ಬೆರಳಿಗೆ ಸಾಲುವಷ್ಟು ಅಗಲಕ್ಕೆ ತಟ್ಟಿಕೊಳ್ಳಬೇಕು. ಒಂದು ಸಲಕ್ಕೆ ಹಿಡಿಯುವ ಜಾಗ ಎರಡಡಿ ಉದ್ದ, ಎರಡಡಿ ಅಗಲ ಮೀರಬಾರದು. ನಮ್ಮ ಬಿಸಿಲಿಗೆ ಅದರ ಅರ್ಧ ಇನ್ನೂ ಒಳ್ಳೆಯದು. ಬಣ್ಣಕ್ಕೂ ಕ್ಲೇಗೂ ದ್ರವವನ್ನು ಧಾರಾಳವಾಗಿ ಸಿಂಪಡಿಸಬೇಕು. ಕಂಪನಿಯ ಜಾರಿಕೆಯ ದ್ರವ, ಅಂದರೆ ಲ್ಯೂಬ್, ಇದ್ದರೆ ಅದು, ಇಲ್ಲವಾದರೆ ಕ್ಲೇ ಜತೆ ಹೊಂದುವುದೆಂದು ಪೊಟ್ಟಣದಲ್ಲಿ ಹೇಳಿರುವ ಶಾಂಪೂ ನೀರು. ಕೆಲವು ಶಾಂಪೂಗಳು ಕ್ಲೇಯನ್ನೇ ಕರಗಿಸಿ ಮೇಣದಂತೆ ಬಣ್ಣಕ್ಕೆ ಮೆತ್ತಿಸುತ್ತವೆ. ಬ್ರಿಟನ್ನಿನ ಬಿಲ್ಟ್ ಹ್ಯಾಂಬರ್ ಕಂಪನಿಯ ಕ್ಲೇಗೆ ಬರೀ ನೀರು ಸಾಕು.

ಬೆರಳುಗಳನ್ನು ಚಪ್ಪಟೆಯಾಗಿಟ್ಟು, ಕ್ಲೇಯ ತೂಕಕ್ಕಿಂತ ಸ್ವಲ್ಪವೇ ಹೆಚ್ಚಿನ ಒತ್ತಡದಲ್ಲಿ, ಕಾರು ಓಡುವಾಗ ಗಾಳಿ ಹರಿಯುವ ದಿಕ್ಕಿಗೆ ನೇರ ಗೆರೆಯಲ್ಲಿ ಹಿಂದೆ ಮುಂದೆ ಆಡಿಸಬೇಕು. ದುಂಡಗೆ ತಿರುಗಿಸಬಾರದು. ಅಕಸ್ಮಾತ್ ಗೀರಾದರೂ ನೇರ ಗೆರೆ ಒಂದು ಕೋನದಲ್ಲಷ್ಟೇ ಕಾಣುತ್ತದೆ, ದುಂಡು ಗೀರು ಎಲ್ಲ ಬೆಳಕಿಗೂ ಸುಳಿಯಾಗಿ ಹೊಳೆಯುತ್ತದೆ. ಶುರುವಿನ ಕೆಲವು ಎಳೆತಗಳಲ್ಲಿ ಕ್ಲೇ ತಡೆತಡೆದು ಸಾಗುತ್ತದೆ, ಬೆರಳಿಗೆ ಸಣ್ಣ ಕಂಪನ ತಾಗುತ್ತದೆ, ಗರಗರ ಸದ್ದು ಬರುತ್ತದೆ. ನೋಡನೋಡುತ್ತ ಸದ್ದು ಕುಗ್ಗಿ, ಕ್ಲೇ ಸಲೀಸಾಗಿ ಜಾರತೊಡಗುತ್ತದೆ. ಅಲ್ಲಿಗೆ ಆ ಜಾಗದ ಕೆಲಸ ಮುಗಿಯಿತು, ಮುಂದೆ ಒಂದು ಎಳೆತವೂ ವ್ಯರ್ಥ. ಮೈಕ್ರೋಫೈಬರ್ ಬಟ್ಟೆಯಿಂದ ದ್ರವ ಒರೆಸಿ ಪಕ್ಕದ ಜಾಗಕ್ಕೆ ಹೋಗಬೇಕು.

ಪ್ರತಿ ಜಾಗಕ್ಕೂ ಕ್ಲೇಯ ಮುಖ ನೋಡಬೇಕು. ಬಿಳಿ ಕ್ಲೇಯಾದರೆ ಕಂದುಗೆರೆಗಳು, ಕಪ್ಪು ಚುಕ್ಕೆಗಳು ಎದ್ದು ಕಾಣುತ್ತವೆ. ಒಳಕ್ಕೆ ಮಡಚಿ, ನಾದಿ, ಹೊಸ ಮುಖ ಹೊರತರಬೇಕು. ಎಲ್ಲಿ ಮಡಚಿದರೂ ಬೂದುಬಣ್ಣವೇ ಕಂಡರೆ ಆ ತುಂಡಿನ ಆಯುಷ್ಯ ತೀರಿತು. ನೆಲಕ್ಕೆ ಬಿದ್ದ ಕ್ಲೇಯನ್ನು ತೊಳೆದು ಮತ್ತೆ ಬಳಸಬಾರದು. ಅಂಗಳದ ಒಂದು ಮರಳ ಕಾಳು ಒಳಗೆ ಸೇರಿದ್ದರೂ ಸಾಕು, ಬಾಗಿಲಿನ ತುಂಬ ಬರೆ. ದುಡ್ಡು ಕೊಟ್ಟು ಕೊಂಡದ್ದನ್ನು ಎಸೆಯಲು ಮನಸ್ಸು ಬಾರದಿದ್ದರೂ ಅದನ್ನು ಚಕ್ರದ ಅಲಾಯ್‌ಗೂ ಬಳಸದೆ ಎಸೆಯಲೇಬೇಕು.

ಮಾಡಿನಿಂದ ಶುರುಮಾಡಿ ಕೆಳಗಿಳಿಯುವುದು, ಬಂಪರ್ ಮತ್ತು ಬಾಗಿಲಿನ ಕೆಳಗಂಚನ್ನು ಕೊನೆಗೆ ಮುಟ್ಟುವುದು ರೂಢಿ. ಮುಂಗಾಜಿನ ಮೇಲೂ ಕ್ಲೇ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ವೈಪರ್ ಗಡಗಡ ಎನ್ನುವುದು ಎಷ್ಟೋ ಸಲ ಇದರಿಂದಲೇ ನಿಲ್ಲುತ್ತದೆ. ಉಳಿದ ಕ್ಲೇಗೆ ಲ್ಯೂಬ್ ಸಿಂಪಡಿಸಿ, ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿಟ್ಟು, ಮನೆಯೊಳಗಿನ ತಂಪು ಜಾಗದಲ್ಲಿ ಇಡಬೇಕು. ಡಿಕ್ಕಿಯ ಸೆಕೆಗೆ ಅದು ಇಳಿದು ಅಂಟುತ್ತದೆ.

ಕ್ಲೇ ಆದಮೇಲೆ ಬಣ್ಣ ಪೂರ್ತಿ ಬತ್ತಲೆ. ಹಳೆಯ ವ್ಯಾಕ್ಸೂ ಬಹುಮಟ್ಟಿಗೆ ಹೋಗಿರುತ್ತದೆ. ಅಂದೇ ವ್ಯಾಕ್ಸ್ ಅಥವಾ ಸೀಲಂಟ್ ಹಾಕಬೇಕು. ಮೀಡಿಯಂ, ಹೆವಿ ಕ್ಲೇ ಕಪ್ಪು ಕಾರಿನ ಮೇಲೆ ಮಸುಕಾದ ಸಣ್ಣ ಗೀರುಗಳನ್ನು ಬಿಡುವುದು ಸಾಮಾನ್ಯ. ಆಗ ನಡುವೆ ಒಂದು ಹಗುರ ಪಾಲಿಶ್ ಬೇಕಾಗುತ್ತದೆ.

ಕ್ಲೇ ಮಾಡಲಾರದ್ದು, ಮಾಡಬಾರದ್ದು

ಬೋರ್‌ವೆಲ್ ನೀರಿನ ಕಲೆ ನಮ್ಮಲ್ಲಿ ಮನೆಮನೆಯ ದೂರು. ಗಡಸು ನೀರು ಬಿಸಿ ಬಾನೆಟ್ಟಿನ ಮೇಲೆ ಆವಿಯಾದಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿ ಉಂಗುರವಾಗಿ ಉಳಿಯುತ್ತವೆ. ಹೊಸತಾದರೆ ವಿನಿಗರ್‌ನಂಥ ಸೌಮ್ಯ ಆಮ್ಲಕ್ಕೆ ಕರಗುತ್ತವೆ. ಹಳೆಯದಾಗಿ ಕ್ಲಿಯರ್ ಕೋಟನ್ನು ಕೊರೆದಿದ್ದರೆ ಕ್ಲೇಯಿಂದ ಏನೂ ಆಗದು, ಪಾಲಿಶ್ ಮಾಡುವವರ ಹತ್ತಿರ ಹೋಗಬೇಕು. ಹಕ್ಕಿಯ ಹಿಕ್ಕೆ ಕೊರೆದ ಗುರುತಿಗೂ ಇದೇ ಉತ್ತರ. ಅಮೆರಿಕದ ಫ್ಲಾರಿಡಾದಲ್ಲಿರುವ ಜಾಕ್ಸನ್‌ವಿಲ್ ಊರಿನ ಆಮ್ಲಮಳೆ ಮತ್ತು ಬಿಸಿಲು ಕ್ಲಿಯರ್ ಕೋಟನ್ನು ಎಷ್ಟು ಕೊರೆಯುತ್ತಿದ್ದವೆಂದರೆ, ಬಣ್ಣದ ಕಂಪನಿಗಳು ತಮ್ಮ ಹೊಸ ಬಣ್ಣಗಳ ಪರೀಕ್ಷೆಗೆ ಆ ಊರನ್ನೇ ಆರಿಸಿಕೊಂಡವು. ಇಂಥ ಹಳ್ಳವನ್ನು ತುಂಬುವ ಶಕ್ತಿ ಯಾವ ಕ್ಲೇಗೂ ಇಲ್ಲ.

ಮೇಲ್ಸೇತುವೆ, ಮೆಟ್ರೊ ಕೆಲಸದ ಕೆಳಗೆ ಕಾರಿನ ಮೇಲೆ ಬೀಳುವ ಸಿಮೆಂಟ್ ಹಾಲು ಗಟ್ಟಿಯಾದ ಮೇಲೆ ಕ್ಲೇಯಿಂದ ಉಜ್ಜುವುದು ಅನಾಹುತ. ಅದಕ್ಕೆಂದೇ ಇರುವ ಸಿಮೆಂಟ್ ರಿಮೂವರಿನಿಂದ ಮೆದುಮಾಡಿ ತೊಳೆಯಬೇಕು. ಮ್ಯಾಟ್ ಬಣ್ಣದ ಕಾರಿಗೆ ಕ್ಲೇ ಮುಟ್ಟಿಸಲೇಬಾರದು, ಉಜ್ಜಿದ ಕಡೆ ಹೊಳಪು ಬಂದು ತೇಪೆಯಾಗುತ್ತದೆ. ಹೊಸದಾಗಿ ಬಣ್ಣ ಹೊಡೆಸಿದ ಭಾಗವನ್ನು ಅದು ಪೂರ್ತಿ ಗಟ್ಟಿಯಾಗುವವರೆಗೆ, ಅಂದರೆ ಒಂದೆರಡು ತಿಂಗಳು, ಬಿಡಬೇಕು. ಕಪ್ಪು ಪ್ಲಾಸ್ಟಿಕ್ ಅಂಚುಗಳಿಗೆ ಕ್ಲೇ ಮೆತ್ತಿಕೊಳ್ಳುತ್ತದೆ. ಸೆರಾಮಿಕ್ ಕೋಟಿಂಗ್ ಇರುವ ಕಾರಿಗೆ ಕ್ಲೇ ಹಾಕಿದರೆ ದುಬಾರಿ ಕೋಟಿಂಗೇ ಸವೆಯುತ್ತದೆ, ಅಲ್ಲಿ ಐರನ್ ರಿಮೂವರ್‌ವರೆಗೆ ಸಾಕು.

ಹೊಸ ಸಾಧನಗಳು, ನೀರಿನ ಮಾತು

ಕ್ಲೇ ಮಿಟ್, ಕ್ಲೇ ಟವೆಲ್ ಎಂಬವು ಈಗ ಬಳಕೆಗೆ ಬಂದಿವೆ. ಮೈಕ್ರೋಫೈಬರ್ ಬಟ್ಟೆಯ ಒಂದು ಮುಖಕ್ಕೆ ರಬ್ಬರಿನಂಥ ಪಾಲಿಮರ್ ಹಚ್ಚಿದ ಸಾಧನಗಳಿವು. ಬಿದ್ದರೆ ತೊಳೆದು ಮತ್ತೆ ಬಳಸಬಹುದು, ಕೆಲಸ ಬೇಗ ಸಾಗುತ್ತದೆ. ಆದರೆ ಅವು ಕೊಳೆಯನ್ನು ಒಳಗೆ ಹೂತುಕೊಳ್ಳುವುದಿಲ್ಲ, ಬೆರಳಿಗೆ ಕಂಪನವೂ ಸರಿಯಾಗಿ ತಿಳಿಯುವುದಿಲ್ಲ. ದಿನಕ್ಕೆ ಹಲವು ಕಾರು ಮುಗಿಸಬೇಕಾದ ಅಂಗಡಿಗೆ ಮಿಟ್ ಸರಿ. ಮನೆಯಲ್ಲಿ ಒಂದೇ ಕಾರು ನೋಡಿಕೊಳ್ಳುವವರಿಗೆ ಹಳೆಯ ಮುದ್ದೆಯೇ ಮೇಲು.

ಈ ಎಲ್ಲ ಕೆಲಸಕ್ಕೆ ನೀರು ಬೇಕು. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಿಗಡಾಯಿಸಿದಾಗ ಬೆಂಗಳೂರು ಜಲಮಂಡಳಿ ವಾಹನ ತೊಳೆಯಲು ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. ಒಂದು ಬಕೆಟ್ ನೀರಿನಲ್ಲೇ ಮುಗಿಯುವ ರಿನ್ಸ್‌ಲೆಸ್ ವಾಷ್ ದ್ರಾವಣಗಳು ಇಂಥ ಹೊತ್ತಿಗೆ ಉಪಯುಕ್ತ. ಅವುಗಳಲ್ಲಿ ಹಲವು ಲ್ಯೂಬ್ ಆಗಿಯೂ ನಡೆಯುತ್ತವೆ. ಆದರೆ ಕೆಸರು, ಅದಿರು ದೂಳು ಮೆತ್ತಿದ ಕಾರಿಗೆ ಈ ದಾರಿ ಸಲ್ಲದು. ನೀರು ಸಾಲದ ತಿಂಗಳಲ್ಲಿ ಕ್ಲೇ ಕೆಲಸವನ್ನೇ ಮಳೆಗಾಲದಾಚೆಗೆ ಮುಂದೂಡಿದರೆ ಬಣ್ಣಕ್ಕೆ ನಷ್ಟವೇನೂ ಇಲ್ಲ.

ಬಯಲಲ್ಲಿ ನಿಲ್ಲುವ ಕಾರಿಗೆ ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ ಕ್ಲೇ ಸಾಕು. ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ಅಷ್ಟೂ ಬೇಡ. ಪ್ರತಿ ವಾಟರ್ ಸರ್ವಿಸ್‌ಗೂ ಕ್ಲೇ ಸೇರಿಸಿ ಬಿಲ್ ಮಾಡುವ ಅಂಗಡಿಯಲ್ಲಿ, ಕೆಲಸ ಶುರುವಾಗುವ ಮುಂಚೆ ತೊಳೆದ ಬಾನೆಟ್ಟಿನ ಮೇಲೆ ನೀವೇ ಕವರು ಹಾಕಿದ ಕೈ ಆಡಿಸಿ ನೋಡಿ. ತರಿ ಸಿಗದಿದ್ದರೆ ಬೇಡವೆನ್ನಿ.